ನೆಟ್ ನಿಧಾನ ಇದ್ದರೂ ಪೇಜ್ ಖಾಲಿ ಕಾಣದ ಹಾಗೆ ಮಾಡುವುದು ಹೇಗೆ?

ಕೊಡಗಿನಲ್ಲಿ ಈಗ ಹೋಂಸ್ಟೇ ನಡೆಸುವವರು, ಕಾಫಿ ಪುಡಿ, ಕಾಳುಮೆಣಸು, ಜೇನು, ಕಾಚಂಪುಳಿ ಮಾರುವವರು ಎಷ್ಟೋ ಜನ ಸ್ವಂತ ವೆಬ್ ಪೇಜ್ ಇಟ್ಟುಕೊಂಡಿದ್ದಾರೆ. ತುಂಬಾ ಖುಷಿಯ ವಿಷಯ. ಆದರೆ ಆ ಪೇಜ್ ನೋಡುವ ಪ್ರವಾಸಿ ಎಲ್ಲಿರುತ್ತಾನೆ ಅಂತ ಸ್ವಲ್ಪ ಯೋಚಿಸಿ. ಕುಶಾಲನಗರ ದಾಟಿ ಮಡಿಕೇರಿ ಕಡೆ ಬರುವ ಕಾರಿನಲ್ಲೋ, ಭಾಗಮಂಡಲದ ದಾರಿಯಲ್ಲೋ, ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಸಿಗ್ನಲ್ ಒಂದೇ ಕಡ್ಡಿಗೆ ಇಳಿದಿರುವಾಗಲೋ, ರಾತ್ರಿ ಉಳಿಯಲು ರೂಮ್ ಸಿಗುತ್ತದಾ ಅಂತ ಹುಡುಕುತ್ತಾ ನಿಮ್ಮ ಪೇಜ್ ತೆರೆದಿರುತ್ತಾನೆ. ಬರೀ ಬಿಳಿ ಸ್ಕ್ರೀನ್ ಕಂಡರೆ ಬ್ಯಾಕ್ ಒತ್ತಿ ಮುಂದಿನವರ ಪೇಜ್‌ಗೆ ಹೋಗುತ್ತಾನೆ, ಅಷ್ಟೇ.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಪೇಜ್ ಹೇಗೆ ಕಾಣಬೇಕು ಅಂತ ಬ್ರೌಸರ್‌ಗೆ ಹೇಳುವ ಭಾಷೆ ಸಿಎಸ್‌ಎಸ್, ಅದರಲ್ಲಿ ಎರಡು ಕೆಲಸ ಮಾಡಿದರೆ ಸಾಕು. ಒಂದು, ಎಲ್ಲ ಬ್ರೌಸರ್‌ನಲ್ಲೂ ಪೇಜ್ ಒಂದೇ ಥರ ಕಾಣುವ ಹಾಗೆ ಮಾಡುವುದು. ಇನ್ನೊಂದು, ಲೋಡ್ ಆಗುತ್ತಿದೆ ಅಂತ ನೋಡುವವರಿಗೆ ತಿಳಿಸುವುದು. ಇಲ್ಲಿ ಕೋಡ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಎಡಿಟರ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

ಮೊದಲು ಬ್ರೌಸರ್‌ಗಳನ್ನು ಸಮ ಮಾಡಿ

ಪ್ರತಿ ಬ್ರೌಸರ್‌ಗೂ ತನ್ನದೇ ಡಿಫಾಲ್ಟ್ ಸ್ಟೈಲ್ ಇರುತ್ತದೆ. ನೀವು ಏನೂ ಬರೆಯದಿದ್ದರೂ ಪೇಜಿನ ಬಾಡಿ ಟ್ಯಾಗ್‌ಗೆ 8 ಪಿಕ್ಸೆಲ್ ಮಾರ್ಜಿನ್, ಅಂದರೆ ಸುತ್ತಲಿನ ಖಾಲಿ ಜಾಗ, ಬಂದು ಕೂತಿರುತ್ತದೆ. ಬಟನ್, ಇನ್‌ಪುಟ್‌ಗಳು ಪೇಜಿನ ಫಾಂಟ್ ತಗೊಳ್ಳುವುದಿಲ್ಲ, ಬ್ರೌಸರ್ ಕೊಟ್ಟ ಫಾಂಟನ್ನೇ ಹಿಡಿದುಕೊಂಡಿರುತ್ತವೆ. ಕ್ರೋಮ್‌ನಲ್ಲಿ ಚೆನ್ನಾಗಿದ್ದ ಬುಕಿಂಗ್ ಫಾರ್ಮ್ ಐಫೋನ್‌ನ ಸಫಾರಿಯಲ್ಲಿ ಬೇರೆಯೇ ಥರ ಕಾಣುವುದು ಇದಕ್ಕೇ. ಕಣ ಸಮ ಮಾಡದೆ ಕಾಫಿ ಹರವಿದರೆ ಒಂದು ಕಡೆ ಒಣಗಿ ಇನ್ನೊಂದು ಕಡೆ ಹಸಿ ಉಳಿಯುತ್ತದಲ್ವಾ, ಇಲ್ಲೂ ಹಾಗೆಯೇ.

ಇದನ್ನು ಸರಿ ಮಾಡಲು 2007ರಲ್ಲಿ ಎರಿಕ್ ಮೇಯರ್ ಎಂಬ ಸಿಎಸ್‌ಎಸ್ ತಜ್ಞರು ರೀಸೆಟ್ ಸಿಎಸ್‌ಎಸ್ ಅಂತ ಒಂದು ಫೈಲ್ ಕೊಟ್ಟರು. ಅದು ಹೆಡಿಂಗ್ ಗಾತ್ರ, ಪಟ್ಟಿಯ ಚುಕ್ಕಿ, ಮಾರ್ಜಿನ್ ಎಲ್ಲವನ್ನೂ ಅಳಿಸಿಬಿಡುತ್ತದೆ, ಮತ್ತೆ ಎಲ್ಲ ನೀವೇ ಬರೆಯಬೇಕು. ಆಮೇಲೆ ನಿಕೋಲಸ್ ಗ್ಯಾಲಗರ್, ಜೊನಾಥನ್ ನೀಲ್ ಸೇರಿ ನಾರ್ಮಲೈಜ್ ಸಿಎಸ್‌ಎಸ್ ಮಾಡಿದರು. ಇದು ಒಳ್ಳೆಯ ಡಿಫಾಲ್ಟ್‌ಗಳನ್ನು ಹಾಗೇ ಬಿಟ್ಟು, ಬ್ರೌಸರ್‌ಗಳ ನಡುವೆ ವ್ಯತ್ಯಾಸ ಇರುವ ಕಡೆ ಮಾತ್ರ ಕೈ ಹಾಕುತ್ತದೆ. 2018ರಲ್ಲಿ ಬಂದ 8.0.1 ಆವೃತ್ತಿ ಸುಮಾರು 350 ಸಾಲು, ಅದರಲ್ಲೂ ಅರ್ಧಕ್ಕರ್ಧ ವಿವರಣೆಯೇ. ಒಂದು ಸಲ ಕೂತು ಓದಿ, ಯಾವ ಬ್ರೌಸರ್‌ನಲ್ಲಿ ಏನು ತೊಂದರೆ ಅಂತ ಪ್ರತಿ ನಿಯಮದ ಜೊತೆಗೇ ಬರೆದಿದೆ. ಹೊಸ ಬ್ರೌಸರ್‌ಗಳು ಮಾತ್ರ ಸಾಕು ಅನ್ನುವವರಿಗೆ ಸಿಂಡ್ರೆ ಸೋರ್ಹುಸ್ ಮಾಡಿದ ಮಾಡರ್ನ್ ನಾರ್ಮಲೈಜ್ ಇನ್ನೂ ಚಿಕ್ಕದು. ನೀವು ಬೂಟ್‌ಸ್ಟ್ರಾಪ್ ಅಥವಾ ಟೇಲ್‌ವಿಂಡ್ ಎಂಬ ಸಿದ್ಧ ಸಿಎಸ್‌ಎಸ್ ಸೆಟ್ ಬಳಸುತ್ತಿದ್ದರೆ ಇದ್ಯಾವುದೂ ಬೇಡ, ಅವುಗಳ ಒಳಗೇ ರೀಬೂಟ್, ಪ್ರೀಫ್ಲೈಟ್ ಹೆಸರಿನಲ್ಲಿ ಈ ಕೆಲಸ ಆಗಿರುತ್ತದೆ.

ಫೈಲನ್ನು ಇಳಿಸಿಕೊಂಡು ನಿಮ್ಮ ಸಿಎಸ್‌ಎಸ್‌ಗಿಂತ ಮೊದಲು ಸೇರಿಸಿ. ಒಂದೇ ತೂಕದ (ಸಮಾನ ಆದ್ಯತೆಯ) ಎರಡು ನಿಯಮ ಇದ್ದರೆ ಆಮೇಲೆ ಬಂದದ್ದೇ ಗೆಲ್ಲುತ್ತದೆ, ಆದ್ದರಿಂದ ಹಿಂದೆ ಮುಂದೆ ಆದರೆ ನೀವು ಬರೆದದ್ದನ್ನು ಅದು ಅಳಿಸಿಬಿಡುತ್ತದೆ.

ಕನ್ನಡಕ್ಕೆ ಬೇಕಾದ ತಿದ್ದುಪಡಿ

ಇದನ್ನು ದಯವಿಟ್ಟು ಬಿಡಬೇಡಿ. ನಾರ್ಮಲೈಜ್ ಲೈನ್-ಹೈಟನ್ನು, ಅಂದರೆ ಸಾಲಿನ ಎತ್ತರವನ್ನು, ಅಕ್ಷರದ ಗಾತ್ರದ 1.15 ಪಟ್ಟು ಇಡುತ್ತದೆ. ಇಂಗ್ಲಿಷ್‌ಗೆ ಅದು ನಡೆಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. 'ಹುತ್ತರಿ ಹಬ್ಬಕ್ಕೆ ಕೊಠಡಿಗಳು ಲಭ್ಯ' ಅಂತ ಎರಡು ಸಾಲಿನಲ್ಲಿ ಬರೆದು ನೋಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಓವರ್‌ಫ್ಲೋ ಹಿಡನ್ (ಹೊರಗೆ ಚಾಚಿದ್ದನ್ನು ಮರೆಮಾಡುವ ನಿಯಮ) ಇರುವ ಬಟನ್ ಆದರೆ ಒತ್ತಿನ ಬಾಲವೇ ಕತ್ತರಿಸಿ ಹೋಗಬಹುದು. ಬಾಡಿ ಟ್ಯಾಗ್‌ಗೆ ಲೈನ್-ಹೈಟ್ 1.6 ಅಥವಾ 1.7 ಕೊಡಿ. ಬಟನ್, ಇನ್‌ಪುಟ್, ಸೆಲೆಕ್ಟ್‌ಗಳಿಗೆ ಫಾಂಟ್ ಇನ್‌ಹೆರಿಟ್ ಅಂತ ಬರೆಯಿರಿ, ಆಗ ಅವೂ ಪೇಜಿನ ಫಾಂಟನ್ನೇ ತಗೊಳ್ಳುತ್ತವೆ. ಇನ್‌ಪುಟ್ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನ್‌ನಲ್ಲಿ ಮುಟ್ಟಿದ ತಕ್ಷಣ ಪೇಜ್ ಝೂಮ್ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

ಫಾಂಟ್ ವಿಷಯದಲ್ಲಿ ಹೇಳುವುದಾದರೆ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೋ, ಆಪಲ್‌ನಲ್ಲಿ ಕನ್ನಡ ಸಂಗಮ್ ಮೊದಲೇ ಇರುತ್ತವೆ. ಹೊಸ ಫಾಂಟ್ ಹಾಕಲೇಬೇಕು ಅಂದರೆ ಫಾಂಟ್-ಡಿಸ್‌ಪ್ಲೇ ಸ್ವಾಪ್ ಕೊಡಿ. ಆಗ ಫಾಂಟ್ ಬರುವ ತನಕ ಫೋನ್‌ನಲ್ಲಿರುವ ಫಾಂಟ್‌ನಲ್ಲೇ ಅಕ್ಷರ ಕಾಣುತ್ತದೆ.

ಈಗ ಲೋಡಿಂಗ್ ಅನಿಮೇಷನ್

ಬಹಳ ಜನ ಇಲ್ಲಿ ದೊಡ್ಡ ಲೈಬ್ರರಿ ಹಾಕಿಬಿಡುತ್ತಾರೆ. ಒಂದು ಚಕ್ರ ತಿರುಗಿಸಲು ಅಷ್ಟೆಲ್ಲ ಬೇಡ. ತೋಬಿಯಾಸ್ ಆಲಿನ್ ಅವರ ಸ್ಪಿನ್‌ಕಿಟ್ ಚೆನ್ನಾಗಿದೆ, ಅದರಲ್ಲಿ ಇಷ್ಟವಾದ ಒಂದನ್ನು ಆರಿಸಿ ಅದರ ಕೋಡ್ ಮಾತ್ರ ತಗೊಳ್ಳಿ. ಸ್ವಂತ ಬರೆಯುವುದೂ ಸುಲಭ. ಒಂದು ಡಿವ್ (ಎಚ್‌ಟಿಎಂಎಲ್‌ನ ಖಾಲಿ ಪೆಟ್ಟಿಗೆ) ಮಾಡಿ, ಅಗಲ ಎತ್ತರ 40 ಪಿಕ್ಸೆಲ್, ಸುತ್ತ 4 ಪಿಕ್ಸೆಲ್ ತಿಳಿ ಬೂದು ಬಾರ್ಡರ್, ಬಾರ್ಡರ್-ಟಾಪ್ ಮಾತ್ರ ಕಾಫಿ ಕಂದು, ಬಾರ್ಡರ್-ರೇಡಿಯಸ್ 50 ಪರ್ಸೆಂಟ್. ಅನಿಮೇಷನ್ ಹಂತಗಳನ್ನು ಬರೆಯುವ ಕೀಫ್ರೇಮ್ಸ್‌ನಲ್ಲಿ ಕೊನೆಗೆ ಟ್ರಾನ್ಸ್‌ಫಾರ್ಮ್ ರೊಟೇಟ್ 360 ಡಿಗ್ರಿ. ಡಿವ್‌ಗೆ ಆ ಅನಿಮೇಷನ್ 1 ಸೆಕೆಂಡ್, ಲೀನಿಯರ್, ಇನ್ಫಿನಿಟ್. ಮುಗಿಯಿತು. ಅಂದಹಾಗೆ ಕೀಫ್ರೇಮ್ಸ್‌ಗೆ 'ತಿರುಗು' ಅಂತ ಕನ್ನಡದಲ್ಲೇ ಹೆಸರಿಡಬಹುದು, ಸಿಎಸ್‌ಎಸ್ ಒಪ್ಪುತ್ತದೆ, ಫೈಲನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸಿದ್ದರಾಯಿತು.

ಅನಿಮೇಷನ್‌ನಲ್ಲಿ ಟ್ರಾನ್ಸ್‌ಫಾರ್ಮ್ (ತಿರುಗಿಸುವುದು, ಸರಿಸುವುದು), ಒಪಾಸಿಟಿ (ಎಷ್ಟು ಗಾಢವಾಗಿ ಕಾಣಬೇಕು) ಎರಡನ್ನೇ ಬಳಸಿ. ವಿಡ್ತ್, ಲೆಫ್ಟ್, ಮಾರ್ಜಿನ್ ಬದಲಾಯಿಸಿದರೆ ಬ್ರೌಸರ್ ಪ್ರತಿ ಫ್ರೇಮ್‌ಗೂ ಲೇಔಟ್ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ, ಹಳೆಯ ಫೋನ್ ಅಲ್ಲೇ ಏದುಸಿರು ಬಿಡುತ್ತದೆ.

ಈ ಚಕ್ರದ ಸಿಎಸ್‌ಎಸ್ ಎಲ್ಲಿ ಇಡುತ್ತೀರಿ ಅನ್ನುವುದು ಬಹಳ ಮುಖ್ಯ. ಬೇರೆ ಫೈಲಿನಲ್ಲಿಟ್ಟರೆ ಆ ಫೈಲ್ ಬರುವ ತನಕ ಚಕ್ರವೂ ಕಾಯಬೇಕು, ಅಂದರೆ ನಿಧಾನ ನೆಟ್‌ನಲ್ಲಿ ಅದರಿಂದ ಏನೂ ಉಪಯೋಗ ಇಲ್ಲ. ಹತ್ತು ಸಾಲು ತಾನೇ, ಹೆಡ್ ಒಳಗೆ ಸ್ಟೈಲ್ ಟ್ಯಾಗ್‌ನಲ್ಲಿ ನೇರವಾಗಿ ಬರೆದುಬಿಡಿ. ಇಡೀ ಸ್ಕ್ರೀನ್ ಮುಚ್ಚುವ ಲೋಡರ್ ಮಾತ್ರ ಹಾಕಲೇಬೇಡಿ. ಅದನ್ನು ತೆಗೆಯಬೇಕಾದ ಸ್ಕ್ರಿಪ್ಟ್ ಸಿಗ್ನಲ್ ಇಲ್ಲದೆ ಬರದಿದ್ದರೆ ಪೇಜ್ ಪೂರ್ತಿ ಬಂದಿದ್ದರೂ ಪ್ರವಾಸಿಗೆ ಚಕ್ರ ಮಾತ್ರ ಕಾಣುತ್ತಿರುತ್ತದೆ. ಫೋನ್ ನಂಬರ್, ಬಾಡಿಗೆ, ದಾರಿ ಇವು ಬರೀ ಅಕ್ಷರ, ಮೊದಲೇ ಬರುತ್ತವೆ, ಅವನ್ನು ಯಾವುದರ ಹಿಂದೆಯೂ ಮುಚ್ಚಿಡಬಾರದು. ಚಕ್ರ ಇರಬೇಕಾದದ್ದು ಫೋಟೋ ಜಾಗದಲ್ಲಿ, ರೂಮ್ ಖಾಲಿ ಇದೆಯಾ ಅಂತ ಸರ್ವರನ್ನು ಕೇಳುವ ಜಾಗದಲ್ಲಿ.

ಒಂದು ಸೆಕೆಂಡ್ ಒಳಗೆ ಉತ್ತರ ಬಂದರೆ ಲೋಡರ್ ಬೇಕಿಲ್ಲ ಅಂತ ಬಳಕೆ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿದ್ದಾರೆ. ಬೇಗ ಬಂದಾಗ ಚಕ್ರ ಪಕ್ ಅಂತ ಮಿಂಚಿ ಹೋದರೆ ಕಿರಿಕಿರಿ. ಅದಕ್ಕೆ ಚಕ್ರದ ಹೊರಗೆ ಇನ್ನೊಂದು ಡಿವ್ ಇಟ್ಟು ಒಪಾಸಿಟಿ ಸೊನ್ನೆ ಮಾಡಿ, ಅದನ್ನು 1ಕ್ಕೆ ತರುವ ಚಿಕ್ಕ ಅನಿಮೇಷನ್‌ಗೆ ಅರ್ಧ ಸೆಕೆಂಡ್ ಡಿಲೇ, ಫಿಲ್-ಮೋಡ್ ಫಾರ್ವರ್ಡ್ಸ್ (ಮುಗಿದ ಮೇಲೂ ಕೊನೆಯ ಸ್ಥಿತಿಯಲ್ಲೇ ಉಳಿಯಲು) ಕೊಡಿ. ನೆಟ್ ಚೆನ್ನಾಗಿದ್ದರೆ ಚಕ್ರ ಕಾಣುವುದೇ ಇಲ್ಲ.

ತಿರುಗುವುದನ್ನು ನೋಡಿದರೆ ಕೆಲವರಿಗೆ ತಲೆ ಸುತ್ತುತ್ತದೆ. ಅವರು ಫೋನ್ ಸೆಟ್ಟಿಂಗ್‌ನಲ್ಲಿ ಚಲನೆ ಕಡಿಮೆ ಮಾಡಿರುತ್ತಾರೆ, ಪ್ರಿಫರ್ಸ್-ರಿಡ್ಯೂಸ್ಡ್-ಮೋಷನ್ ಎಂಬ ಮೀಡಿಯಾ ಕ್ವೆರಿಯಿಂದ, ಅಂದರೆ ಫೋನಿನ ಸೆಟ್ಟಿಂಗ್ ನೋಡಿ ಅನ್ವಯವಾಗುವ ಸಿಎಸ್‌ಎಸ್ ನಿಯಮದಿಂದ, ಅದು ಗೊತ್ತಾಗುತ್ತದೆ. ಅದರೊಳಗೆ ಒಳಗಿನ ಚಕ್ರದ ಅನಿಮೇಷನ್ ಮಾತ್ರ ನಿಲ್ಲಿಸಿ. ಸುಮ್ನೆ ಎಲ್ಲದಕ್ಕೂ ಅನಿಮೇಷನ್ 'ನನ್' (none, ಅಂದರೆ ಯಾವುದೂ ಬೇಡ) ಅಂತ ಹಾಕಿದರೆ ಹೊರಗಿನ ಡಿವ್ ಸೊನ್ನೆ ಒಪಾಸಿಟಿಯಲ್ಲೇ ಉಳಿದು ಅವರಿಗೆ ಏನೂ ಕಾಣುವುದಿಲ್ಲ. ಪಕ್ಕದಲ್ಲಿ 'ತೆರೆಯುತ್ತಿದೆ' ಅಂತ ಅಕ್ಷರದಲ್ಲೂ ಬರೆದು ಡಿವ್‌ಗೆ ರೋಲ್ ಸ್ಟೇಟಸ್ ಕೊಟ್ಟರೆ ಸ್ಕ್ರೀನ್ ರೀಡರ್ (ಪೇಜನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೂ ತಿಳಿಯುತ್ತದೆ.

ಫೋಟೋ ಜಾಸ್ತಿ ಇದ್ದರೆ

ತೋಟದ ನೋಟ, ಅಬ್ಬಿ ಜಲಪಾತ, ಊಟದ ಮನೆ ಅಂತ ಫೋಟೋಗಳೇ ತುಂಬಿದ್ದರೆ ಚಕ್ರಕ್ಕಿಂತ ಸ್ಕೆಲಿಟನ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಫೋಟೋ ಬರುವ ಜಾಗದಲ್ಲಿ ಅಷ್ಟೇ ಗಾತ್ರದ ಬೂದು ಪೆಟ್ಟಿಗೆ ಇಡುವುದು. ಆಸ್ಪೆಕ್ಟ್-ರೇಷಿಯೋ (ಅಗಲ ಎತ್ತರದ ಅನುಪಾತ) 4/3 ಕೊಟ್ಟರೆ ಜಾಗ ಮೊದಲೇ ಹಿಡಿದಿರುತ್ತದೆ. ಇಲ್ಲದಿದ್ದರೆ ಫೋಟೋ ಬಂದ ಕೂಡಲೇ ಕೆಳಗಿನದೆಲ್ಲ ಜಾರಿ, ಕಾಲ್ ಬಟನ್ ಒತ್ತಲು ಹೋದವರ ಬೆರಳು ಬೇರೆಲ್ಲೋ ಬೀಳುತ್ತದೆ. ಪೆಟ್ಟಿಗೆಯ ಮೇಲೆ ಬೆಳಕು ಹರಿಯುವ ಹಾಗೆ ಮಾಡುವುದು ಈಗ ಫ್ಯಾಷನ್, ಆದರೆ ಬ್ಯಾಕ್‌ಗ್ರೌಂಡ್-ಪೊಸಿಷನ್ ಸರಿಸಿ ಮಾಡಿದರೆ ಬ್ರೌಸರ್ ಮತ್ತೆ ಮತ್ತೆ ಬಣ್ಣ ಬಳಿಯಬೇಕು. ಒಪಾಸಿಟಿಯನ್ನು 1ರಿಂದ 0.5ಕ್ಕೆ ಇಳಿಸಿ ಏರಿಸಿದರೆ ಸಾಕು.

ಕೊನೆಗೆ ಪರೀಕ್ಷೆ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ ವೇಗವನ್ನು 3ಜಿಗೆ ಇಳಿಸಿ ನೋಡಿ. ಆಮೇಲೆ ಮನೆಯ ವೈಫೈ ಆಫ್ ಮಾಡಿ, ಒಂದು ಹಳೆಯ ಆಂಡ್ರಾಯ್ಡ್, ಒಂದು ಐಫೋನ್ ಹಿಡಿದು ತೋಟದ ತಗ್ಗಿಗೆ ಇಳಿದು ತೆರೆದು ನೋಡಿ. ಏನಾದರೂ ತಿದ್ದಿದರೆ ಸಿಎಸ್‌ಎಸ್ ಫೈಲಿನ ಹೆಸರಿನಲ್ಲಿ ಒಂದು ನಂಬರ್ ಬದಲಾಯಿಸಿ, ಎಚ್‌ಟಿಎಂಎಲ್‌ನಲ್ಲೂ ಹೊಸ ಹೆಸರು ಹಾಕಿ, ಇಲ್ಲದಿದ್ದರೆ ಮೊದಲು ಬಂದು ಹೋದವರ ಫೋನ್ ಹಳೆಯ ಫೈಲನ್ನೇ ತೋರಿಸುತ್ತಿರಬಹುದು.