ಪೋಲೋಗೆ 205/50 ಕೂಡಲ್ಲ ಅಂದವರಿಗೆ

ಕಲಬುರಗಿಯ ಇಬ್ಬರು ಟೈರ್ ಅಂಗಡಿಯವರು, ಮೂವರು ಗೆಳೆಯರು, ಎಲ್ಲರದ್ದೂ ಒಂದೇ ಮಾತು. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಕಾರಿಗೆ 16 ಇಂಚಿನ ರಿಮ್ ಹಾಕಿದರೆ 195/50 ಟೈರ್ ಹಾಕು, 205/50 ಫೆಂಡರ್‌ಗೆ (ಚಕ್ರದ ಮೇಲಿನ ಬಾಡಿಗೆ) ತಿಕ್ಕುತ್ತದೆ. ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಎಷ್ಟು ಪರ್ಸೆಂಟ್ ಅಂತ. 205/50 ಹಾಕಿಯೇ ಈಗ ಸುಮಾರು 14 ಸಾವಿರ ಕಿ.ಮೀ. ಓಡಿಸಿದ್ದೇನೆ. ಎಲ್ಲೂ ತಿಕ್ಕಿಲ್ಲ.

ಮೊದಲು ಮಾಡಿದ ಹುಚ್ಚಾಟ ಹೇಳಿಬಿಡ್ತೀನಿ. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ 17 ಇಂಚಿನ ಅಲಾಯ್ ತಂದೆ. ಏಳೂವರೆ ಇಂಚು ಅಗಲ, ಇಟಿ 35 (ರಿಮ್ಮಿನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖಕ್ಕೆ ಇರುವ ದೂರ ಮಿ.ಮೀ.ನಲ್ಲಿ, ಕಮ್ಮಿಯಾದಷ್ಟೂ ಚಕ್ರ ಹೊರಗೆ). ರಿಮ್‌ಗೆ 28 ಸಾವಿರ, 205/45 ಟೈರಿಗೆ ಹತ್ತಿರ ಹತ್ತಿರ 32. ನಿಂತ ಕಾರು ನೋಡೋಕೆ ಭಾರಿ ಸೊಗಸು. ಆದರೆ ರಿಮ್ಮಿನ ಅಂಚು ಕಂಪನಿಯದಕ್ಕಿಂತ ಸುಮಾರು 24 ಮಿ.ಮೀ. ಹೊರಗೆ ಬಂದಿತ್ತು. ಹಿಂದೆ ಇಬ್ಬರು ಕೂತರೆ ಸಾಕು, ಫೆಂಡರ್ ಟೈರನ್ನು ಕೆರೆಯೋದು. 80 ದಾಟಿದರೆ ಸ್ಟೀರಿಂಗ್ ನಡುಕ. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ, ದುಡ್ಡು ದಂಡ. ರಿಮ್ ಕೂರುವ ಹಬ್ 57.1 ಮಿ.ಮೀ., ರಿಮ್ಮಿನ ನಡುವಿನ ತೂತು 73.1, ಸಂದು ತುಂಬೋಕೆ ರಿಂಗೇ ಇರಲಿಲ್ಲ! ಸಾಲದ್ದಕ್ಕೆ ಬೋಲ್ಟ್ ಕೂಡ ಕಾರಿನ ಜೊತೆ ಬಂದ ಕಂಪನಿಯವೇ, ಕೂರುವ ಕಡೆ ದುಂಡಗಿರುವಂಥವು. ಹೊರಗಿನ ರಿಮ್‌ಗೆ ಟೇಪರ್ ಬೋಲ್ಟ್ ಬೇಕು, ಕೂರುವ ಕಡೆ ಓರೆಯಾಗಿರುವಂಥದ್ದು. ಕೊನೆಗೆ ಸೇಡಂ ರಸ್ತೆಯ ಒಂದು ಗುಂಡಿಗೆ ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ರಸ್ತೆಯ ಗತಿ ನಿಮಗೇ ಗೊತ್ತು. 92 ಮಿ.ಮೀ. ಗೋಡೆ ಏನು ತಡೆದೀತು? ರಿಮ್ 19 ಸಾವಿರಕ್ಕೆ ಮಾರಿದೆ.

ಎರಡನೇ ಸಲ 16 ಇಂಚಿನ ರಿಮ್, 7 ಇಂಚು ಅಗಲ, ಇಟಿ 38. ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ರಿಂಗ್ ಮಾಡಿಸಿದೆ, ನಾಲ್ಕಕ್ಕೆ ಸಾವಿರದ ಇನ್ನೂರೋ ಏನೋ. ಹಳೆಯ 185/60 ಆರ್15 ಎತ್ತರ 603 ಮಿ.ಮೀ. 195/50 ಆದರೆ 601, 205/50 ಆದರೆ 611. ಒಂದೂವರೆ ಪರ್ಸೆಂಟ್ ಕೂಡ ಜಾಸ್ತಿ ಇಲ್ಲ, ಗೋಡೆ ಮಾತ್ರ 102 ಸಿಗುತ್ತದೆ.

"ಅಣ್ಣಾ, ಲೆಕ್ಕ ಕಾಗದದ ಮ್ಯಾಲ ಬರೋಬ್ಬರಿ ಅದ, ಫೆಂಡರ್‌ದಾಗ ಕೂಡಂಗಿಲ್ರಿ" ಅಂದ ಉಸ್ತಾದ್.

ಫೆಂಡರ್‌ಗೂ ಟೈರಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅಂತ ಅಳೆದೇ ನೋಡೋಣ ಅಂತ ನಾದಿದ ಜೋಳದ ಹಿಟ್ಟು ತಂದೆ. ಗೋಧಿ ಹಿಟ್ಟಾದರೆ ಜಗ್ಗುತ್ತದೆ, ಜೋಳದ್ದು ಒತ್ತಿದ ಹಾಗೇ ನಿಲ್ಲುತ್ತದೆ. ಫೆಂಡರ್ ಒಳಗೆ ಎರಡು ಸೆಂ.ಮೀ. ದಪ್ಪ ಮೆತ್ತಿದೆ. "ರೊಟ್ಟಿಗಿ ನಾದಿದ್ದು ಕಾರಿಗಿ ಹಚ್ತಿ ಏನೋ?" ಅಂತ ಅವ್ವ ಬೈದಳು. ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಚೀಲ ತೊಗರಿಬೇಳೆ, ರಿಂಗ್ ರೋಡ್ ಹಂಪ್ ಮೇಲೆ ಐದಾರು ಸಲ ಹೋಗಿ ಬಂದೆ. ಹಿಂದೆ ತೀರ ತೆಳು ಆದ ಕಡೆಯೂ 6 ಮಿ.ಮೀ. ಹಿಟ್ಟು ಉಳಿದಿತ್ತು. ಆಮೇಲೆ ಹಿಂದಿನ ಲೈನರ್‌ಗೆ (ಫೆಂಡರ್ ಒಳಗಿನ ಹೊದಿಕೆಗೆ) ಒಂದು ಸಣ್ಣ ಕೆಲಸ ಮಾಡಿದೆ. ಅದನ್ನು ಇಲ್ಲಿ ಬರೆಯಲ್ಲ. ಬೇಸಿಗೆಯಲ್ಲಿ ಗಾಳಿ ಎಷ್ಟು ಇಡ್ತೀನಿ ಅಂತಲೂ ಕೇಳಬೇಡಿ.

ಸುಮ್ನೆ ಕುತೂಹಲಕ್ಕೆ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಚಕ್ರ ಒಂದು ಸುತ್ತು ಉರುಳಿಸಿದೆ. ಹಳೆಯದು 184 ಸೆಂ.ಮೀ., ಹೊಸದು 187ರ ಹತ್ತಿರ. ಮೀಟರ್ 80 ತೋರಿಸುವಾಗ ಜಿಪಿಎಸ್ ಮೊದಲು 76 ಅನ್ನುತ್ತಿತ್ತು, ಈಗ 77. ಮೈಲೇಜ್ ಒಂದು ಕಿ.ಮೀ. ಕಮ್ಮಿಯಾಗಿದೆ, ಹೋಗಲಿ.

ಸ್ಟೆಪ್ನಿ ಇನ್ನೂ ಹಳೇ 15 ಇಂಚಿನದೇ. ಟೇಪರ್ ಬೋಲ್ಟ್ ಅದಕ್ಕೆ ಸರಿಯಾಗಿ ಕೂರಲ್ಲ, ಐದು ದುಂಡು ಬೋಲ್ಟ್ ಡಿಕ್ಕಿಯಲ್ಲಿ ಇಟ್ಟುಕೊಂಡಿರಿ. ನನಗಿದು ಗೊತ್ತಾಗಿದ್ದು ಹುಮನಾಬಾದ್ ಹತ್ತಿರ, ರಾತ್ರಿ ಹನ್ನೊಂದಕ್ಕೆ.