ಕಾರಿನೊಳಗೆ ನೀರು, ಕಾರಣ ಚಾವಣಿಯಲ್ಲಿ

ಮಳೆಯ ಮರುದಿನ ನಮ್ಮ ಕಾಂಪ್ಯಾಕ್ಟ್ ಎಸ್‌ಯುವಿಯ ಡ್ರೈವರ್ ಪಕ್ಕದ ಎಡ ಸೀಟಿನ ಮುಂದಿನ ಮ್ಯಾಟ್ ಎತ್ತಿದರೆ ಕಾರ್ಪೆಟ್ ಪಚಪಚ. ಏಸಿ ನೀರು ಅಂದುಕೊಂಡೆ; ಆದರೆ ಏಸಿ ಹಾಕಿ ಓಡಿಸಿದ ಒಣ ದಿನಗಳಲ್ಲಿ ಒಂದು ಹನಿಯೂ ಇಲ್ಲ. ಅಂಟಿಲ್ಲ, ಸಿಹಿ ವಾಸನೆಯಿಲ್ಲ, ಹಾಗಾಗಿ ಎಂಜಿನ್ ತಂಪಾಗಿಡುವ ಕೂಲೆಂಟೂ ಅಲ್ಲ. ಸರ್ವೀಸ್‌ನವರು ಸನ್‌ರೂಫ್ (ಚಾವಣಿಯ ತೆರೆಯುವ ಗಾಜು) ಸುತ್ತಲಿನ ರಬ್ಬರ್ ಬದಲಿಸಿ ಅಂದರು. ನನಗೇಕೋ ನಂಬಿಕೆ ಬರಲಿಲ್ಲ.

ಆ ರಬ್ಬರ್ ನೀರನ್ನು ಪೂರ್ತಿ ತಡೆಯುವುದೇ ಇಲ್ಲ. ಒಳಬಂದಷ್ಟು ನೀರು ಸುತ್ತಲಿನ ಕಾಲುವೆಗಿಳಿದು, ಮೂಲೆಯ ತೂತಿನಿಂದ ಸಣ್ಣ ಪೈಪಿನಲ್ಲಿ ಹರಿದು ಹೊರಬೀಳಬೇಕು. ಗಾಜು ತೆರೆದು ಮುಂದಿನ ಎರಡೂ ಮೂಲೆಗೆ ಅರ್ಧರ್ಧ ಲೋಟ ನೀರು ಸುರಿದೆ. ಬಲಗಡೆಯದು ಕೆಳಗೆ ತೊಟತೊಟ ಸುರಿಯಿತು; ಎಡಗಡೆಯದು ನಿಂತೇ ಇತ್ತು, ಪುಟ್ಟ ಕೆರೆ!

ಜೋರಾಗಿ ಗಾಳಿ ಹೊಡೆಯೋಣ ಅನ್ನಿಸಿತು, ಬಿಟ್ಟೆ: ಪೈಪ್ ಒಳಗೇ ಕಳಚಿಕೊಂಡರೆ ಇನ್ನೂ ಫಜೀತಿ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರದ ತುದಿಯನ್ನು ಬೆಂಕಿಗೆ ಹಿಡಿದು ಮೊಂಡು ಮಾಡಿ, ತಿರುವುತ್ತ ಮೆಲ್ಲಗೆ ಇಳಿಸಿದೆ. ಒಂದು ಕಡೆ ತಡೆಯಿತು, ಆಮೇಲೆ ಸಡಿಲವಾಯಿತು; ಚಹಾ ಬಣ್ಣದ ನೀರಿನ ಜೊತೆ ಕೊಳೆತ ಎಲೆಚೂರು ಕೆಳಗೆ ಬಿತ್ತು.

ಕಾರ್ಪೆಟ್ ಒಣಗಲು ಮೂರು ದಿನ ಬೇಕಾಯಿತು. ಅಡಿಯ ಫೋಮ್ ಹಿಂಡಿದಷ್ಟೂ ನೀರು. ಆಮೇಲೆ ಎರಡು ಜೋರು ಮಳೆ ಬಂತು, ಮ್ಯಾಟ್ ಅಡಿ ಒಣಗಿಯೇ ಇದೆ.