ಕಿತ್ತಳೆ–ಲಿಂಬೆ ಮಫಿನ್: ರಸ ಕಡಿಮೆ, ಸಿಪ್ಪೆ ಹೆಚ್ಚು

ಮಫಿನ್‌ಗೆ ಕಿತ್ತಳೆ ರುಚಿ ಬರಲಿಲ್ಲ ಅಂತ ಮುಂದಿನ ಸಲ ಇನ್ನೊಂದು ಹಣ್ಣು ಹಿಂಡುವವರೇ ಹೆಚ್ಚು. ಕೆಡುವುದು ಅಲ್ಲೇ. ರಸದಲ್ಲಿ ಹತ್ತಿರ ಹತ್ತಿರ ಶೇಕಡಾ 90 ನೀರು. ಇರುವ ಅಷ್ಟಿಷ್ಟು ಪರಿಮಳ ಓವನ್ನಿನ ಬಿಸಿಗೆ ಹಾರಿಹೋಗುತ್ತದೆ, ನೀರು ಮಾತ್ರ ಹಿಟ್ಟಿನಲ್ಲಿ ಉಳಿದು ತಳದಲ್ಲಿ ಅಂಟಂಟು ಪದರ ಕಟ್ಟುತ್ತದೆ. ಘಮ ಇರುವುದು ಸಿಪ್ಪೆಯ ಹೊರಮೈಯಲ್ಲಿ, ಚುಕ್ಕಿ ಚುಕ್ಕಿಯಾಗಿ ಕಾಣುವ ಎಣ್ಣೆಗೂಡುಗಳಲ್ಲಿ. ಕಿತ್ತಳೆ ಸಿಪ್ಪೆಯನ್ನು ದೀಪದ ಮುಂದೆ ಹಿಂಡಿದಾಗ ಕಿಡಿ ಹಾರುತ್ತದಲ್ಲ, ಅದೇ ಎಣ್ಣೆ. ಅದರಲ್ಲಿ ಶೇಕಡಾ 90ಕ್ಕೂ ಹೆಚ್ಚು ಲಿಮೋನೀನ್ ಎಂಬ ವಸ್ತು. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಸಿಪ್ಪೆ ರುಚಿಗೆ, ರಸ ಬರೀ ಹುಳಿಗೆ.

ಬಳ್ಳಾರಿಯಲ್ಲಿ ಸುಲಭವಾಗಿ ಸಿಗುವುದು ಮೂರು ಹಣ್ಣು. ನಾಗಪುರ ಕಿತ್ತಳೆ ಚಳಿಗಾಲದಲ್ಲಿ ಬರುತ್ತದೆ, ಘಮ ಜೋರು. ಆದರೆ ಅದರ ಸಿಪ್ಪೆ ಹಣ್ಣಿಗೆ ಅಂಟಿರುವುದಿಲ್ಲ, ಸಡಿಲ. ತುರಿಯಲು ಹೋದರೆ ಒಳಗೆ ಕುಸಿದು ಹರಿಯುತ್ತದೆ. ಒಂದು ತಾಸು ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ತುರಿಯಬೇಕು. ಆಗಲೂ ಆಗಲಿಲ್ಲ ಎಂದರೆ ಸಿಪ್ಪೆ ಸುಲಿದು, ಒಳಗಿನ ಬಿಳಿ ಭಾಗವನ್ನು ಚಮಚದ ಅಂಚಿನಿಂದ ಪೂರ್ತಿ ಕೆರೆದು, ಉಳಿದ ಕೇಸರಿ ಪದರವನ್ನು ಚಾಕುವಿನಲ್ಲಿ ಸಣ್ಣಗೆ ಕೊಚ್ಚಿದರೂ ನಡೆಯುತ್ತದೆ. ಮೋಸಂಬಿ ಹೆಚ್ಚುಕಡಿಮೆ ವರ್ಷವಿಡೀ ಸಿಗುತ್ತದೆ. ಗಡಿಯಾಚೆ ಅನಂತಪುರದ ಕಡೆ ಇದನ್ನೇ ಚೀನಿಕಾಯಿ ಅನ್ನುತ್ತಾರೆ. ಸಿಪ್ಪೆ ಬಿಗಿ, ತುರಿಯಲು ಬಹಳ ಸುಲಭ, ಘಮ ಮಾತ್ರ ಸಾಧಾರಣ. ಅದರ ರಸ ಹಿಂಡಿಟ್ಟರೆ ಹೊತ್ತು ಕಳೆದಂತೆ ಕಹಿಯಾಗುತ್ತದೆ. ಕಹಿಗೆ ಕಾರಣ ಲಿಮೋನಿನ್. ಸಿಪ್ಪೆಯೆಣ್ಣೆಯ ಲಿಮೋನೀನ್‌ಗೂ ಇದಕ್ಕೂ ಹೆಸರು ಹೆಚ್ಚುಕಡಿಮೆ ಒಂದೇ, ವಸ್ತು ಬೇರೆ. ಹಿಂಡಿದ ಕೂಡಲೇ ಬಳಸುವುದಾದರೆ ಮಾತ್ರ ಮೋಸಂಬಿ ರಸ ಹಾಕಿ. ಮೂರನೆಯದು ಕಾಗ್ಜಿ ಲಿಂಬೆ. ಸಿಪ್ಪೆ ಕಾಗದದಷ್ಟೇ ತೆಳು, ಒಂದೇ ಜಾಗದಲ್ಲಿ ಎರಡು ಸಲ ಉಜ್ಜಿದರೆ ಬಿಳಿ ಬರುತ್ತದೆ, ಬಿಳಿ ಬಂತೆಂದರೆ ಕಹಿ ಬಂತು. ಹಣ್ಣನ್ನು ತಿರುಗಿಸುತ್ತಾ ಒಂದೊಂದೇ ಎಳೆತಕ್ಕೆ ನಿಲ್ಲಿಸಬೇಕು. ಇದ್ದುದರಲ್ಲಿ ದಪ್ಪ ಸಿಪ್ಪೆಯ, ಹಳದಿಗೆ ತಿರುಗಿದ ಲಿಂಬೆ ಆರಿಸಿ. ಒಣಗಿ ಗಟ್ಟಿಯಾದ ಲಿಂಬೆಯಲ್ಲಿ ರಸವೂ ಇಲ್ಲ, ಎಣ್ಣೆಯೂ ಇಲ್ಲ.

ಹೊಳೆಯುವ ವಿದೇಶಿ ಕಿತ್ತಳೆಗೆ ಮೇಣ ಬಳಿದಿರುತ್ತಾರೆ. ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಒರಟು ಬಟ್ಟೆಯಲ್ಲಿ ಉಜ್ಜಿ ಒರೆಸಬೇಕು. ಯಾವ ಹಣ್ಣೇ ಆಗಲಿ, ಮೊದಲು ತುರಿದು ಆಮೇಲೆ ಕೊಯ್ಯುವುದು. ಹಿಂಡಿದ ಹೋಳನ್ನು ತುರಿಯಲು ಕೂತವರಿಗೆ ಬೆರಳ ತುದಿಯೂ ಜೊತೆಗೆ ತುರಿಯುತ್ತದೆ. ಇದಕ್ಕೆ ಶುಂಠಿ ತುರಿಯುವ ಸಣ್ಣ ತೂತಿನ ತುರಿಮಣೆ ಸಾಕು.

ಇನ್ನು ಬಿಸಿಲು. ಮಫಿನ್ ವಿಧಾನ ಬರೆಯುವವರೆಲ್ಲ ಬೆಣ್ಣೆ, ಮೊಟ್ಟೆ, ಮೊಸರು ಕೋಣೆಯ ಉಷ್ಣತೆಗೆ ಬರಲಿ ಅನ್ನುತ್ತಾರೆ. ಅವರ ಕೋಣೆ 20–22 ಡಿಗ್ರಿಯದು. ಏಪ್ರಿಲ್‌ನಲ್ಲಿ ಬಳ್ಳಾರಿ, ರಾಯಚೂರಿನ ಹೊರಗಿನ ಬಿಸಿಲು 40 ದಾಟುತ್ತದೆ, ಅಡುಗೆಮನೆ 35ರ ಮೇಲಿರುತ್ತದೆ. ಬೆಣ್ಣೆ–ಸಕ್ಕರೆ ತಿಕ್ಕಿ ಗಾಳಿ ತುಂಬಿಸುವ ಕೆಲಸಕ್ಕೆ ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಇಲ್ಲಿ ಅದು ಬಟ್ಟಲಿನಲ್ಲಿ ಇಟ್ಟಲ್ಲೇ ತುಪ್ಪದಂತೆ ನಿಲ್ಲುತ್ತದೆ. ಆದ್ದರಿಂದ ನಾನು ಬೆಣ್ಣೆಯ ದಾರಿಯನ್ನೇ ಬಿಟ್ಟಿದ್ದೇನೆ. ಎಣ್ಣೆಯಲ್ಲಿ ಮಾಡಿದ ಮಫಿನ್ ಮರುದಿನವೂ ಮೆತ್ತಗಿರುತ್ತದೆ, ಸಿಪ್ಪೆಯ ಘಮವನ್ನೂ ಚೆನ್ನಾಗಿ ಹಿಡಿಯುತ್ತದೆ. ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯೇ ಆಗಬೇಕು. ಗಾಣದ ಶೇಂಗಾ ಎಣ್ಣೆ ಚಟ್ನಿಪುಡಿಗೆ ಚೆಂದ, ಇಲ್ಲಿ ಹಾಕಿದರೆ ಕಿತ್ತಳೆ ಸೋಲುತ್ತದೆ. ಬೇಸಿಗೆಯಲ್ಲಿ ಮೊಟ್ಟೆ, ಮೊಸರು, ರಸ ಮೂರನ್ನೂ ಫ್ರಿಜ್ಜಿನಿಂದ ನೇರವಾಗಿ ಹಿಟ್ಟಿಗೆ ಹಾಕುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಅರ್ಧ ತಾಸು ಮೊದಲೇ ಹೊರಗೆ ತೆಗೆದಿಡುತ್ತೇನೆ. ಕಲಸಿದ ಹಿಟ್ಟು ಬೆಚ್ಚಗಾದಷ್ಟೂ ಬೇಕಿಂಗ್ ಪೌಡರ್ ಬೇಗ ಕೆಲಸ ಮುಗಿಸಿಬಿಡುತ್ತದೆ, ಓವನ್ನಿಗೆ ಹೋಗುವ ಹೊತ್ತಿಗೆ ದಮ್ಮು ಉಳಿದಿರುವುದಿಲ್ಲ.

12 ಮಫಿನ್‌ಗೆ ನನ್ನ ಅಳತೆ ಹೀಗೆ. ಮೈದಾ 240 ಗ್ರಾಂ, ಸಕ್ಕರೆ 160 ಗ್ರಾಂ, ಬೇಕಿಂಗ್ ಪೌಡರ್ ಮಟ್ಟಸ 2 ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಮೊಟ್ಟೆ 2, ಗಟ್ಟಿ ಮೊಸರು 150 ಗ್ರಾಂ, ಎಣ್ಣೆ 100 ಮಿ.ಲೀ. ಕಿತ್ತಳೆ ರಸ 40 ಮಿ.ಲೀ., ಲಿಂಬೆ ರಸ 15 ಮಿ.ಲೀ. ದೊಡ್ಡ ಕಿತ್ತಳೆ ಎರಡರ ಸಿಪ್ಪೆ ತುರಿ, ಲಿಂಬೆ ಎರಡರ ತುರಿ. ಮೋಸಂಬಿಯಾದರೆ ಮೂರು ಹಣ್ಣಿನ ತುರಿ ಬೇಕು. ತಕ್ಕಡಿ ಇಲ್ಲದವರು ಕಪ್ಪಿನಲ್ಲಿ ಅಳೆಯುವಾಗ ಮೈದಾವನ್ನು ಕಪ್ಪಿನಿಂದಲೇ ಡಬ್ಬಿಗೆ ಅದ್ದಿ ತೆಗೆಯಬೇಡಿ. ಒತ್ತಿ ತುಂಬಿದ ಕಪ್ಪಿಗೂ ಚಮಚದಿಂದ ಸಡಿಲವಾಗಿ ತುಂಬಿದ ಕಪ್ಪಿಗೂ 20–30 ಗ್ರಾಂ ಅಂತರ ಬೀಳುತ್ತದೆ. ಎರಡು ಕಪ್ಪಿಗೆ ಅದು ದುಪ್ಪಟ್ಟು, ಮಫಿನ್ ಒಣಗಿ ಉದುರಲು ಅಷ್ಟು ಸಾಕು.

ಸೋಡಾದ ಲೆಕ್ಕ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹುಳಿಹಣ್ಣಿನ ಮಫಿನ್ ಕೆಡುವುದು ಹೆಚ್ಚಾಗಿ ಇಲ್ಲಿಂದಲೇ. ಲಿಂಬೆ ರಸದಲ್ಲಿ ಸುಮಾರು ಶೇಕಡಾ 6 ಸಿಟ್ರಿಕ್ ಆಮ್ಲ. ಕಾಲು ಚಮಚ ಸೋಡಾವನ್ನು ಪೂರ್ತಿ ಕಳೆಯಲು 15 ಮಿ.ಲೀ. ರಸ ಸಾಕು. ಅದರ ಮೇಲೆ ಮೊಸರಿನ ಹುಳಿ ಬೇರೆ ಇದೆ. ಹಾಗಾಗಿ ಸೋಡಾ ಉಳಿಯುವುದಿಲ್ಲ, ಬಾಯಿಗೆ ಸ್ವಲ್ಪ ಹುಳಿ ಉಳಿಯುತ್ತದೆ. ಇನ್ನಷ್ಟು ಉಬ್ಬಲಿ ಅಂತ ಸೋಡಾವನ್ನು ಮುಕ್ಕಾಲು ಚಮಚ ಮಾಡಿದರೆ ಹುಳಿಯೆಲ್ಲ ಅದರ ಪಾಲಾಗುತ್ತದೆ, ಉಳಿದ ಸೋಡಾ ಸಾಬೂನಿನ ರುಚಿ ಕೊಡುತ್ತದೆ, ಮೇಲ್ಮೈ ಬೇಗ ಕಂದಾಗುತ್ತದೆ. ಲಿಂಬೆ ಮಫಿನ್‌ನಲ್ಲಿ ಲಿಂಬೆಯೇ ಇಲ್ಲದ ಹಾಗಾಗುತ್ತದೆ. ಹಳೆಯ ಬೇಕಿಂಗ್ ಪೌಡರನ್ನು ಒಂದು ಚಮಚ ಬಿಸಿನೀರಿಗೆ ಹಾಕಿ ನೋಡಿ, ಬುರುಬುರು ನೊರೆ ಬರದಿದ್ದರೆ ಎಸೆಯಿರಿ. ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿ ಗಂಟುಗಂಟಾಗಿದ್ದರೆ ಪರೀಕ್ಷೆಯೂ ಬೇಡ.

ಕೆಲಸ ಶುರುವಾಗುವುದು ಸಕ್ಕರೆಯಿಂದ. ನಮ್ಮ ಕಿರಾಣಿ ಅಂಗಡಿಯ ಸಕ್ಕರೆ ದಪ್ಪ ಹರಳಿನದು, ಬೇಗ ಕರಗುವುದಿಲ್ಲ. ಮಿಕ್ಸಿಯಲ್ಲಿ ಎರಡು–ಮೂರು ಸಲ ತಿರುಗಿಸಿ ಸಣ್ಣ ರವೆಯಷ್ಟು ಮಾಡಿ, ಹಿಟ್ಟಿನಷ್ಟು ನುಣ್ಣಗೆ ಬೇಡ. ಅಗಲ ಬಟ್ಟಲಿಗೆ ಹಾಕಿ, ಅದರ ಮೇಲೆಯೇ ಸಿಪ್ಪೆ ತುರಿದು, ಬೆರಳ ತುದಿಯಿಂದ ಎರಡು ನಿಮಿಷ ತಿಕ್ಕಿ. ಹರಳುಗಳ ಅಂಚು ಎಣ್ಣೆಗೂಡುಗಳನ್ನು ಒಡೆಯುತ್ತದೆ. ಸಕ್ಕರೆ ಒದ್ದೆ ಮರಳಿನ ಹಾಗಾಗಿ ನಸು ಬಣ್ಣ ತಿರುಗಿ ಮನೆಯೆಲ್ಲ ಘಮ್ಮೆಂದರೆ ಕೆಲಸ ಆಯಿತು. ಈ ಒಂದು ಹೆಜ್ಜೆ ಬಿಟ್ಟರೆ ತುರಿ ಎಷ್ಟು ಹಾಕಿದರೂ ಅರ್ಧ ವ್ಯರ್ಥ. ಇದಕ್ಕೆ ಎಣ್ಣೆ ಸೇರಿಸಿ ಐದು ನಿಮಿಷ ಬಿಡಿ. ಆಮೇಲೆ ಮೊಟ್ಟೆ ಒಂದೊಂದಾಗಿ ಹಾಕಿ ಕಡೆಯಿರಿ, ಮೊಸರು, ಕೊನೆಗೆ ರಸ. ರಸ ಹಾಕಿದಾಗ ಮೊಸರು ಒಡೆದಂತೆ ಕಂಡರೆ ಹೆದರಬೇಡಿ, ಹಿಟ್ಟು ಬಿದ್ದಾಗ ಸರಿಯಾಗುತ್ತದೆ.

ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪನ್ನು ಎರಡು ಸಲ ಜರಡಿ ಹಿಡಿದಿಟ್ಟಿರಬೇಕು. ಓವನ್ ಕಾದ ಮೇಲೆಯೇ ಒದ್ದೆಯನ್ನೂ ಒಣದನ್ನೂ ಸೇರಿಸುವುದು. ಸೌಟಿನಿಂದ ತಳದಿಂದ ಮೇಲಕ್ಕೆ 12–15 ಸಲ ಮಡಚಿದರೆ ಸಾಕು. ಅಲ್ಲಲ್ಲಿ ಸಣ್ಣ ಗಂಟು ಇರಲಿ, ಒಣ ಹಿಟ್ಟು ಕಾಣದಿದ್ದರೆ ಸರಿ. ದೋಸೆ ಹಿಟ್ಟಿನ ಅಭ್ಯಾಸದಲ್ಲಿ ನುಣ್ಣಗೆ ಬೀಸುತ್ತಾ ನಿಂತರೆ ಮೈದಾದ ಜಿಗುಟು ಎದ್ದು, ಮಫಿನ್ ಗೋಪುರದ ಹಾಗೆ ಚೂಪಾಗುತ್ತದೆ, ಮುರಿದರೆ ಒಳಗೆ ಉದ್ದುದ್ದ ಸುರಂಗ, ಅಗಿದರೆ ರಬ್ಬರು.

ಸಣ್ಣ ಓಟಿಜಿಯಲ್ಲಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) 6 ಗುಳಿಯ ತಟ್ಟೆ ಮಾತ್ರ ಹಿಡಿಯುತ್ತದೆ. ಆಗ 12ಕ್ಕೆ ಒಟ್ಟಿಗೆ ಕಲಸಿ ಅರ್ಧ ಹಿಟ್ಟನ್ನು ಹಾಗೇ ಇಟ್ಟುಕೊಳ್ಳಬೇಡಿ. 20 ನಿಮಿಷ ಹೊರಗೆ ಸುಮ್ಮನೆ ಕೂತ ಹಿಟ್ಟು ಎರಡನೇ ಬಾರಿಗೆ ಚಪ್ಪಟೆ ಮಫಿನ್ ಕೊಡುತ್ತದೆ. ಒಣ ಮಿಶ್ರಣವನ್ನೂ ಒದ್ದೆ ಮಿಶ್ರಣವನ್ನೂ ತೂಕ ಹಾಕಿ ಎರಡು ಪಾಲು ಮಾಡಿ, ಎರಡನೇ ಪಾಲಿನ ಒದ್ದೆ ಮಿಶ್ರಣ ಫ್ರಿಜ್ಜಿಗೆ, ಮೊದಲ ತಟ್ಟೆ ಹೊರಬಂದ ಮೇಲೆ ಕಲಸುವುದು. ಪ್ರತಿ ಗುಳಿಗೆ 65 ಗ್ರಾಂ ಹಿಟ್ಟು, ಅಂದರೆ ಮುಕ್ಕಾಲು ಭಾಗ. ಖಾಲಿ ಉಳಿದ ಗುಳಿಗೆ ಎರಡು ಚಮಚ ನೀರು ಹಾಕಿ, ತಟ್ಟೆ ಒಂದೇ ಸಮ ಕಾಯುತ್ತದೆ. ಮಫಿನ್ ತಟ್ಟೆ ಇಲ್ಲದಿದ್ದರೆ ಪಾಯಸದ ಸಣ್ಣ ಸ್ಟೀಲ್ ಬಟ್ಟಲಿನೊಳಗೆ ಕಾಗದದ ಕಪ್ಪು ಇಟ್ಟರಾಯಿತು. ಕಾಗದದ ಕಪ್ಪನ್ನೇ ಬರಿದಾಗಿ ಇಟ್ಟರೆ ಹಿಟ್ಟಿನ ಭಾರಕ್ಕೆ ಅಗಲವಾಗಿ ಒರಗುತ್ತದೆ.

ಓಟಿಜಿ 200 ಡಿಗ್ರಿಗೆ 15 ನಿಮಿಷ ಕಾಯಬೇಕು. ಮೇಲಿನ, ಕೆಳಗಿನ ಎರಡೂ ಕಾಯಿಲ್ ಹಾಕಿ, ತಟ್ಟೆ ನಡುವಿನ ಅಂತಸ್ತಿನಲ್ಲಿ. ಮೊದಲ 6 ನಿಮಿಷ 200ರಲ್ಲಿ, ಆಮೇಲೆ 180ಕ್ಕೆ ಇಳಿಸಿ 12–14 ನಿಮಿಷ. ಮೊದಲ ಬಿಸಿಗೆ ಹಿಟ್ಟು ಚಟ್ಟನೆ ಎದ್ದು ಗುಮ್ಮಟ ಕಟ್ಟುತ್ತದೆ. ಶುರುವಿನಿಂದಲೇ 170 ಇಟ್ಟರೆ ತಲೆ ಸಪಾಟು. 12 ನಿಮಿಷದೊಳಗೆ ಬಾಗಿಲು ತೆಗೆದರೆ ನಡು ಕುಸಿಯುತ್ತದೆ. 14ನೇ ನಿಮಿಷಕ್ಕೆ ತಟ್ಟೆಯ ಹಿಂದು ಮುಂದು ತಿರುಗಿಸಬೇಕು, ಹಿಂಬದಿ ಯಾವಾಗಲೂ ಹೆಚ್ಚು ಕಾಯುತ್ತದೆ. ಗುಂಡಿಯ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಕೊಂಡರೆ ನಿಮ್ಮ ಯಂತ್ರ ಎಷ್ಟು ಸುಳ್ಳು ಹೇಳುತ್ತದೆ ಅನ್ನುವುದು ತಿಳಿಯುತ್ತದೆ. ಬೇಸಿಗೆ ಸಂಜೆ ಎಲ್ಲರ ಮನೆಯ ಎ.ಸಿ., ಕೂಲರ್ ಓಡುವ ಹೊತ್ತಿಗೆ ವೋಲ್ಟೇಜ್ ಬಿದ್ದರೆ ಕಾಯಿಲ್ ಮಂಕಾಗುತ್ತದೆ. ನಾನು ಏಪ್ರಿಲ್–ಮೇನಲ್ಲಿ ಬೆಳಿಗ್ಗೆ 6ಕ್ಕೆ ಹಚ್ಚುತ್ತೇನೆ. ಹಿಟ್ಟಿಗೂ ತಂಪು, ವಿದ್ಯುತ್ತೂ ಗಟ್ಟಿ. ಬೆಂದಿದೆಯೋ ನೋಡಲು ಕಡ್ಡಿ ಚುಚ್ಚಿ, ಒಂದೆರಡು ಒಣ ತುಣುಕು ಅಂಟಿಬಂದರೆ ಸರಿ. ಪೂರ್ತಿ ಸ್ವಚ್ಛ ಬರಲಿ ಅಂತ ಕಾದರೆ ಬಳ್ಳಾರಿಯ ಒಣಹವೆಯಲ್ಲಿ ಸಂಜೆಗೆ ಒಣಗಿರುತ್ತದೆ.

ಓವನ್ ಇಲ್ಲದವರಿಗೆ ದಪ್ಪ ತಳದ ಹಳೆಯ ಅಲ್ಯೂಮಿನಿಯಂ ಕುಕ್ಕರ್ ಇದೆ. ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದು, ತಳಕ್ಕೆ ಒಂದೂವರೆ ಕಪ್ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್. ಮಧ್ಯಮ ಉರಿಯಲ್ಲಿ 10 ನಿಮಿಷ ಕಾದ ಮೇಲೆ ಬಟ್ಟಲುಗಳನ್ನಿಟ್ಟು, ಸಣ್ಣ ಉರಿಯಲ್ಲಿ 25–30 ನಿಮಿಷ. ಬಿಸಿ ಕೆಳಗಿನಿಂದ ಮಾತ್ರ ಬರುವುದರಿಂದ ಮೇಲೆ ಕೆಂಪಾಗುವುದಿಲ್ಲ, ಅದು ತಪ್ಪಲ್ಲ.

ಮೊಟ್ಟೆ ತಿನ್ನದ ಮನೆಗೆ ಅದೇ ಅಳತೆಯಲ್ಲಿ ಮೊಟ್ಟೆ ಬಿಟ್ಟು ಮೊಸರನ್ನು 240 ಗ್ರಾಂ ಮಾಡಿ, 2 ದೊಡ್ಡ ಚಮಚ ಹಾಲು ಸೇರಿಸಿ, ಸೋಡಾ ಅರ್ಧ ಚಮಚಕ್ಕೆ ಏರಿಸಿ. ಉಳಿದದ್ದು ಬದಲಾಗುವುದಿಲ್ಲ. ಒಳಮೈ ತುಸು ಸಾಂದ್ರ, ಉದುರುವುದೂ ತುಸು ಬೇಗ. ಗಮನಿಸಬೇಕಾದದ್ದು ಮೊಸರಿನ ಹುಳಿ. ಬೇಸಿಗೆಯಲ್ಲಿ ಹೆಪ್ಪಿಟ್ಟ ಮೊಸರು ಮಧ್ಯಾಹ್ನದೊಳಗೆ ಮಜ್ಜಿಗೆಹುಳಿಗೆ ಸಲ್ಲುವಷ್ಟು ಹುಳಿಯಾಗಿರುತ್ತದೆ. ರಾತ್ರಿ ಹೆಪ್ಪಿಟ್ಟು ಬೆಳಿಗ್ಗೆ ಎದ್ದ ಕೂಡಲೇ ಫ್ರಿಜ್ಜಿಗೆ ಹಾಕಿದ ಮೊಸರೇ ಬೇಕು. ಮೇಲೆ ನಿಂತ ನೀರನ್ನು ಚೆಲ್ಲಿ ತೂಗಿ.

ಜೋಳದ ಹಿಟ್ಟನ್ನೂ ಸೇರಿಸಬಹುದು, ಕಾಲು ಭಾಗಕ್ಕಿಂತ ಹೆಚ್ಚು ಬೇಡ: 180 ಗ್ರಾಂ ಮೈದಾ, 60 ಗ್ರಾಂ ಬಿಳಿಜೋಳದ ಹಿಟ್ಟು. ಜೋಳಕ್ಕೆ ಜಿಗುಟಿಲ್ಲ, ನೀರನ್ನೂ ನಿಧಾನಕ್ಕೆ ಕುಡಿಯುತ್ತದೆ. ಮೈದಾ ಜೊತೆ ಒಣದಾಗಿ ಹಾಕಿದರೆ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ಮೊದಲೇ ಮೊಸರಿನಲ್ಲಿ ಕಲಸಿ 20 ನಿಮಿಷ ನೆನೆಸಿಟ್ಟರೆ ಆ ತೊಂದರೆ ಇಲ್ಲ. ಹೊಸದಾಗಿ ಬೀಸಿಸಿದ ಹಿಟ್ಟೇ ಆಗಬೇಕು, ಹಳೆಯದು ಕಹಿ. ಲಿಂಬೆಗೆ ಗಸಗಸೆ ಒಳ್ಳೆಯ ಜೋಡಿ, ನಸು ಹುರಿದು ಒಂದು ದೊಡ್ಡ ಚಮಚ.

ಬಿಸಿ ಇರುವಾಗಲೇ ಪಾಕ ಬಳಿಯುವುದು ನನ್ನ ರೂಢಿ, ವಿಶೇಷವಾಗಿ ಕುಕ್ಕರಿನಲ್ಲಿ ಬೆಂದ ಬಿಳಿಚು ತಲೆಗಳಿಗೆ. 40 ಗ್ರಾಂ ಸಕ್ಕರೆ, 40 ಮಿ.ಲೀ. ಕಿತ್ತಳೆ ರಸ ಸೇರಿಸಿ ಸಕ್ಕರೆ ಕರಗುವವರೆಗೆ ಮಾತ್ರ ಬಿಸಿ ಮಾಡಿ, ಇಳಿಸಿದ ಮೇಲೆ ಒಂದು ಚಮಚ ಲಿಂಬೆ ರಸ. ಕುದಿಸಿದರೆ ರಸ ಬೆಂದ ವಾಸನೆ ಬರುತ್ತದೆ. ಮಫಿನ್ ತಲೆಗೆ ಐದಾರು ಕಡೆ ಚುಚ್ಚಿ, ತಲಾ ಒಂದು ಚಮಚ. ಐದು ನಿಮಿಷಕ್ಕೆ ತಟ್ಟೆಯಿಂದ ತೆಗೆದು ಜಾಲರಿಯ ಮೇಲಿಡಿ, ತಟ್ಟೆಯಲ್ಲೇ ಬಿಟ್ಟರೆ ತಳ ಬೆವರಿ ಒದ್ದೆಯಾಗುತ್ತದೆ. ಕಾಗದ ಬಿಚ್ಚುವುದು ಪೂರ್ತಿ ಆರಿದ ಮೇಲೆ, ಬಿಸಿಯಲ್ಲಿ ಎಳೆದರೆ ಅರ್ಧ ಮಫಿನ್ ಕಾಗದಕ್ಕೇ ಹೋಗುತ್ತದೆ. ಆರುವಾಗ ತೆಳು ಬಟ್ಟೆ ಮುಚ್ಚಿರಲಿ, ಫ್ಯಾನಿನ ಕೆಳಗೆ ಬೇಡ. ಡಬ್ಬಿಗೆ ಹಾಕಿದರೆ ಬೇಸಿಗೆಯಲ್ಲಿ ಹೊರಗೆ ಎರಡು ದಿನ, ಅದಕ್ಕೂ ಮೇಲೆ ಬೂಷ್ಟಿನ ಭಯ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ, ತಿನ್ನುವ ಮೊದಲು ತವೆಯ ಮೇಲೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಇಟ್ಟರೆ ಘಮ ಮತ್ತೆ ಏಳುತ್ತದೆ.